ಗಾಂಧಿ ಬಜಾರಿನ ಮಹಡಿಯಲ್ಲಿ ಕ್ವಾಂಟಮ್ ಕಂಪ್ಯೂಟರ್

ಗಾಂಧಿ ಬಜಾರಿನಲ್ಲಿ ಏನನ್ನಾದರೂ ಹೇಳಿಕೊಡಲು ಹೊರಟವರಿಗೆ, ಹೇಳಿಕೊಟ್ಟು ಸುಮ್ಮನೆ ಮನೆಗೆ ಹೋಗುವ ಭಾಗ್ಯ ಇರುವುದಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ನಾನು ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು. ಅಲ್ಲಿ ಮನಸಾರೆ ನಗುವಂಥದ್ದು ವರ್ಷಕ್ಕೊಂದು ನಡೆದರೆ ಹೆಚ್ಚು. ಬಜಾರಿನ ಮಹಡಿಯ ಮೇಲೆ ಆರೇ ಆರು ಭಾನುವಾರ ಮಾತನಾಡಿದೆ. ಅಲ್ಲಿ ಆದದ್ದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಊಟಕ್ಕೆ ಕೂತಾಗ ಹೇಳಿಕೊಂಡು ನಗುತ್ತೇವೆ.

ಪಾತ್ರೆಗಳ ಬೆದರಿಕೆ

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಬಜಾರಿನ ಹಳೇ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಬಡಾವಣೆಯ ವಾಚನಾಲಯದ ಹಾಲ್. ಅದರ ಕಾರ್ಯದರ್ಶಿಗಳು ನೌಕರಿಯಿಂದ ನಿವೃತ್ತರಾದ ಸಾಧು ಮನುಷ್ಯರು. ಪ್ರತಿ ಭಾನುವಾರ ಬೆಳಗ್ಗೆ ಅಲ್ಲಿ ಕನ್ನಡದಲ್ಲಿ ವಿಜ್ಞಾನದ ಉಪನ್ಯಾಸ ನಡೆಸುತ್ತಿದ್ದರು. ಹೆಂಡತಿ ತೀರಿಹೋದ ಮೇಲೆ ವಾರದಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದದ್ದು ಅದೊಂದೇ ದಿನ. ಕೇಳಲು ಬರುತ್ತಿದ್ದವರು ಬೆರಳೆಣಿಕೆಯಷ್ಟು ಜನ, ಅವರಲ್ಲೂ ಇಬ್ಬರು ಫ್ಯಾನಿನ ಗಾಳಿಗೆ ಬಂದವರು.

ವಾಚನಾಲಯದ ಅಧ್ಯಕ್ಷರದು ಬೇರೆ ಲೆಕ್ಕ. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ನಾಲ್ಕಾರು ಕಟ್ಟಡ ಎಬ್ಬಿಸಿದವರು, ಚುನಾವಣೆಗೂ ನಿಂತು ನೋಡಿದವರು. ಮದುವೆ ಅಡುಗೆ ಕಂಟ್ರ್ಯಾಕ್ಟರ್ ಒಬ್ಬರು ತಮ್ಮ ಕಡಾಯಿ, ಕೊಳಗಗಳನ್ನು ಇಡಲು ಈ ಹಾಲನ್ನು ಬಾಡಿಗೆಗೆ ಕೇಳಿದ್ದರು. ಅಧ್ಯಕ್ಷರು ಕಾರ್ಯದರ್ಶಿಗಳನ್ನು ಕರೆದು, "ನೋಡ್ರಿ, ನಿಮ್ಮ ಭಾಷಣ ಯಾರಿಗೂ ಅರ್ಥ ಆಗಲ್ಲ. ಪಾತ್ರೆ ಎಲ್ಲರಿಗೂ ಅರ್ಥ ಆಗುತ್ತೆ" ಎಂದರು.

ಕಾರ್ಯದರ್ಶಿಗಳು ಅಪರೂಪಕ್ಕೆ ಸಿಟ್ಟಾದರು. "ಕನ್ನಡದಲ್ಲಿ ಹೇಳಿದ್ರೆ ಎಂಥಾ ವಿಷಯಾನೂ ಅರ್ಥ ಆಗುತ್ತೆ" ಎಂದುಬಿಟ್ಟರು.

"ಹೌದಾ? ಹಾಗಾದ್ರೆ ಪೇಪರಲ್ಲಿ ಬರ್ತಿದ್ಯಲ್ಲ, ಕ್ವಾಂಟಮ್ ಕಂಪ್ಯೂಟರ್ರು, ಅದನ್ನ ಹೇಳ್ಸಿ. ಆರು ಭಾನುವಾರ ಕೊಡ್ತೀನಿ. ಕೊನೇ ಭಾನುವಾರ ಕಮಿಟಿ ಪೂರ್ತಿ ಬಂದು ಕೂತ್ಕೊಳುತ್ತೆ. ಸೈನ್ಸ್ ಓದಿಲ್ಲದ ಒಬ್ಬರು ಎದ್ದು ನಿಂತು, ಅದು ಹೇಗೆ ಕೆಲಸ ಮಾಡುತ್ತೆ ಅಂತ ಕನ್ನಡದಲ್ಲಿ ಹೇಳ್ಲಿ. ಹೇಳಿದ್ರೆ ಹಾಲ್ ನಿಮ್ದು. ಇಲ್ದಿದ್ರೆ ಸೋಮವಾರ ಪಾತ್ರೆ ಬರುತ್ತೆ."

ಕಾರ್ಯದರ್ಶಿಗಳು ಒಪ್ಪಿಕೊಂಡು ನೇರ ನಮ್ಮ ಮನೆಗೆ ಬಂದರು. ಬೆವರು ಒರೆಸಿಕೊಂಡು ಎಲ್ಲವನ್ನೂ ಹೇಳಿದರು. ನಾನು, "ಒಪ್ಕೊಳ್ಳೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?" ಎಂದೆ.

"ಕೇಳಿದ್ರೆ ನೀವು ಬೇಡ ಅಂತಿದ್ರಿ ಮೇಡಂ" ಎಂದರು.

ಸರ್ಟಿಫಿಕೇಟು

ಕಾರ್ಯದರ್ಶಿಗಳು ಮೆಟ್ಟಿಲ ಬಳಿ ಬೋರ್ಡು ಬರೆಸಿ ನಿಲ್ಲಿಸಿದರು: ಕ್ವಾಂಟಮ್ ಕಂಪ್ಯೂಟರ್ ಪರಿಚಯ, ಹೊಸಬರಿಗೆ, ಉಚಿತ. ಆಗ ಬೆಂಗಳೂರಿನಲ್ಲಿ ಬೀದಿಗೆರಡು ಕಂಪ್ಯೂಟರ್ ಕ್ಲಾಸು ಇದ್ದ ಕಾಲ. ಮೊದಲ ಭಾನುವಾರ ನಾನು ಸೀಮೆಸುಣ್ಣ ಹಿಡಿಯುವ ಮೊದಲೇ ಚಾಮರಾಜಪೇಟೆಯಿಂದ ತಾಯಿಯೊಬ್ಬರು ಮಗಳ ಕೈ ಹಿಡಿದುಕೊಂಡು ಬಂದರು.

"ಇವಳು ಬಿ.ಕಾಂ. ಮುಗಿಸಿ ಲೆಕ್ಕದ ಕಂಪ್ಯೂಟರ್ ಕೋರ್ಸೂ ಮಾಡಿದಾಳೆ. ಕೆಲಸ ಸಿಕ್ಕಿಲ್ಲ. ಇದು ಎಷ್ಟು ತಿಂಗಳು? ಸರ್ಟಿಫಿಕೇಟ್ ಕೊಡ್ತೀರಾ?"

"ಇದು ಕೋರ್ಸ್ ಅಲ್ಲಮ್ಮ, ಸುಮ್ನೆ ತಿಳ್ಕೊಳ್ಳೋದಕ್ಕೆ."

"ಮಿಷನ್ನು ಎಲ್ಲಿಟ್ಟಿದೀರ?" ಎಂದು ಬಾಗಿಲ ಹಿಂದೆಲ್ಲ ನೋಡಿದರು.

"ಮಿಷನ್ ಇಲ್ಲಿಲ್ಲ. ಪ್ರಪಂಚದಲ್ಲೇ ಇನ್ನೂ ಸರಿಯಾದ್ದು ತಯಾರಾಗಿಲ್ಲ. ವಿದೇಶದ ಲ್ಯಾಬುಗಳಲ್ಲಿ ಸಣ್ಣದಾಗಿ ಪ್ರಯೋಗ ನಡೀತಿದೆ. ಕೆಲಸಕ್ಕೆ ಬರೋ ಅಂಥದ್ದು ಆಗೋಕೆ ಎಷ್ಟೋ ವರ್ಷ ಬೇಕು."

ಮಗಳ ಮುಖ ಬಾಡಿತು. ತಾಯಿ ಮಾತ್ರ ಕುರ್ಚಿ ಎಳೆದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. "ಕೂತ್ಕೊಳೇ. ಹೋದ ಕೋರ್ಸಿನಲ್ಲಿ ಇಡೀ ಬೆಂಗಳೂರು ಕಲಿತು ಮುಗಿಸಿದ ಮೇಲೆ ಸೇರಿದ್ದಕ್ಕೆ ಹಿಂಗಾಯ್ತು. ಇದ್ರಲ್ಲಾದ್ರೂ ಮಿಷನ್ನಿಗಿಂತ ಮುಂಚೆ ಸೇರ್ಕೋ."

ದೋಸೆಯ ಸರದಿ

ಎರಡನೇ ಭಾನುವಾರ ಹಾಲ್ ಭರ್ತಿ. ನಿಂತು ಕೇಳುವಷ್ಟು ಜನ. ನನಗೆ ಆಶ್ಚರ್ಯ, ಸ್ವಲ್ಪ ಹೆಮ್ಮೆಯೂ ಆಯಿತು. ಕಾರ್ಯದರ್ಶಿಗಳ ಮುಖದಲ್ಲಿ ಕಳೆ ಬಂದಿತ್ತು, ಆದರೆ ಕಣ್ಣು ತಪ್ಪಿಸುತ್ತಿದ್ದರು.

ಕ್ವಾಂಟಮ್ ಲೋಕದಲ್ಲಿ ಒಂದು ಕಣ ಏಕಕಾಲಕ್ಕೆ ಎರಡು ಸ್ಥಿತಿಯಲ್ಲಿ ಇರಬಲ್ಲದು ಎನ್ನುವುದಕ್ಕೆ ಎಲ್ಲರೂ ಹೇಳುವ ಕಥೆಯನ್ನೇ ನಾನೂ ಶುರು ಮಾಡಿದೆ. ಒಂದು ಪೆಟ್ಟಿಗೆ, ಒಳಗೊಂದು ಬೆಕ್ಕು, ಜೊತೆಗೆ ವಿಷದ ಶೀಶೆ. ಶೀಶೆ ಒಡೆಯಿತೋ ಇಲ್ಲವೋ ಎನ್ನುವುದು ಒಂದು ಕಣದ ಮೇಲೆ ನಿಂತಿದೆ. "ಪೆಟ್ಟಿಗೆ ತೆರೆಯುವವರೆಗೆ ಆ ಬೆಕ್ಕು..." ಎನ್ನುವಷ್ಟರಲ್ಲಿ ಕೆಳಗಿನಿಂದ ಯಾರೋ, "ಶ್ಯಾಮಣ್ಣ, ನಾಲ್ಕು ಜನ" ಎಂದು ಕೂಗಿದರು. ಮೂರನೇ ಸಾಲಿನ ನಾಲ್ವರು ಎದ್ದು ಹೊರಟೇಹೋದರು. ಸ್ವಲ್ಪ ಹೊತ್ತಿಗೆ, "ಬನಶಂಕರಿ ಫ್ಯಾಮಿಲಿ, ಆರು ಜನ." ಒಂದು ಸಾಲೇ ಖಾಲಿ.

ಆಗ ಗೊತ್ತಾಯಿತು. ಪಕ್ಕದ ಕಟ್ಟಡದಲ್ಲಿ ದೋಸೆಗೆ ಹೆಸರಾದ ಹೋಟೆಲು. ಭಾನುವಾರ ಅಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ಕಾಯಬೇಕು. ಕಾರ್ಯದರ್ಶಿಗಳು ಕಾಯುತ್ತಿದ್ದವರ ಬಳಿ ಹೋಗಿ, "ಬಿಸಿಲಲ್ಲಿ ಯಾಕೆ ನಿಲ್ತೀರಿ, ಮೇಲೆ ಕುರ್ಚಿ ಇದೆ, ಫ್ಯಾನಿದೆ, ನಿಮ್ಮ ಸರದಿ ಬಂದಾಗ ಕೂಗ್ತಾರೆ" ಎಂದು ಕರೆತಂದಿದ್ದರು. ನನ್ನ ಶ್ರೋತೃಗಳಲ್ಲಿ ಮುಕ್ಕಾಲು ಪಾಲು ಮಸಾಲೆ ದೋಸೆಗೆ ಕಾದವರು.

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇದ್ದವರಿಗೆ ಪಾಠ ಮುಂದುವರಿಸಿ, ಬೆಕ್ಕನ್ನು ಬಿಟ್ಟು ಬೇರೆ ವಿಷಯಕ್ಕೆ ಬಂದೆ. ಮುಗಿಸುವ ಹೊತ್ತಿಗೆ ದಪ್ಪನೆಯ ಯಜಮಾನರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮೂಗಿನ ತುದಿಯಲ್ಲಿ ಚಟ್ನಿ ಇತ್ತು.

"ಮೇಡಂ, ಆ ಬೆಕ್ಕು ಏನಾಯ್ತು?"

"ಅದೇ ಸರ್, ಪೆಟ್ಟಿಗೆ ತೆಗೆದು ನೋಡೋವರೆಗೂ ಸತ್ತಿದೆ ಅಂತಲೂ ಹೇಳೋಕಾಗಲ್ಲ, ಬದುಕಿದೆ ಅಂತಲೂ ಹೇಳೋಕಾಗಲ್ಲ."

ಅವರಿಗೆ ನಿಜವಾಗಿ ಬೇಜಾರಾಯಿತು. "ಎಂಥದು ಮೇಡಂ. ಇಷ್ಟು ಹೊತ್ತಿಗೆ ನೀವು ತೆಗೆದು ನೋಡಿರ್ತೀರ ಅಂತ ನಾನು ಕಾಫಿ ಬಿಟ್ಟು ಬಂದೆ."

ಮಡಿ

ಮೂರನೇ ವಾರ ಕಷ್ಟದ ಭಾಗ. ಮಾಮೂಲಿ ಕಂಪ್ಯೂಟರಿನಲ್ಲಿ ಮಾಹಿತಿಯ ತುಣುಕು ಸೊನ್ನೆ ಇಲ್ಲವೇ ಒಂದು. ಕ್ವಾಂಟಮ್ ಕಂಪ್ಯೂಟರಿನ ತುಣುಕಿಗೆ ಕ್ಯೂಬಿಟ್ ಎನ್ನುತ್ತಾರೆ. ಅದು ಸೊನ್ನೆ ಮತ್ತು ಒಂದು ಎರಡೂ ಬೆರೆತ ಸ್ಥಿತಿಯಲ್ಲಿರಬಹುದು. ಆದರೆ ಆ ಸ್ಥಿತಿ ಬಲು ಸೂಕ್ಷ್ಮ. ಸ್ವಲ್ಪ ಶಾಖ ತಗುಲಿದರೆ ಕೆಟ್ಟಿತು, ಅದುರಿದರೆ ಕೆಟ್ಟಿತು, ಹಾದಿಹೋಕ ಅಣುವೊಂದು ಸೋಕಿದರೂ ಕೆಟ್ಟಿತು. ಇದನ್ನು ಸಮೀಕರಣವಿಲ್ಲದೆ ಹೇಗೆ ಹೇಳುವುದೆಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆದೆ, ಕೈಯಾಡಿಸಿ ತೋರಿಸಿದೆ. ಎಲ್ಲರೂ ಮರ್ಯಾದೆಗೆ ತಲೆಯಾಡಿಸಿದರು.

ಎರಡನೇ ಸಾಲಿನಲ್ಲಿ ಗವಿಪುರದ ಅಜ್ಜಿಯೊಬ್ಬರು ಸೊಸೆಯ ಜೊತೆ ಕೂತಿದ್ದರು. ಬೆಳಗ್ಗೆ ದೇವಸ್ಥಾನಕ್ಕೆ ಹೋಗಿ ಹಾಗೇ ಬರುತ್ತಿದ್ದವರು. ಅಜ್ಜಿ ಕೈ ಎತ್ತಿದರು.

"ಅಲ್ಲಮ್ಮ, ಅದನ್ನ ಯಾರೂ ಮುಟ್ಟಬಾರದು ಅಂತೀಯ."

"ಹೌದಮ್ಮ."

"ಬೇರೆಯವರ ಗಾಳಿ ಸೋಕಿದ್ರೂ ಆಗಲ್ಲ. ದೂರ ಇಡಬೇಕು. ತಣ್ಣಗಿರಬೇಕು."

"ಹೌದು."

"ಅಪ್ಪಿತಪ್ಪಿ ಏನಾದ್ರೂ ತಗುಲಿದ್ರೆ?"

"ಅಲ್ಲಿಗೆ ಲೆಕ್ಕ ಕೆಟ್ಟ ಹಾಗೆ. ಮತ್ತೆ ಮೊದಲಿಂದ ಶುರು ಮಾಡಬೇಕು."

"ಇದಕ್ಕೆ ಇಷ್ಟು ಸುತ್ತಿ ಬಳಸಿ ಹೇಳ್ತೀಯಲ್ಲ. ಮಡಿ ಅಂದಿದ್ರೆ ಆಗ್ತಿತ್ತು."

ಅದಕ್ಕಿಂತ ಚೆನ್ನಾಗಿ ಹೇಳುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಹಾಲಿನಲ್ಲಿದ್ದವರಿಗೆಲ್ಲ ಒಮ್ಮೆಲೇ ಅರ್ಥವಾಗಿ ಗುಸುಗುಸು ಎದ್ದಿತು. ಯಾರೋ ಬಿದಿರು ಗಳದ ಮೇಲೆ ಒಣಗಿಸಿದ ಸೀರೆಯ ಮಾತೆತ್ತಿದರು, ಇನ್ಯಾರೋ ಉಪ್ಪಿನಕಾಯಿ ಜಾಡಿಯ ಮಾತೆತ್ತಿದರು. ಅಜ್ಜಿಯ ಸೊಸೆ ಮಾತ್ರ ಗಂಭೀರವಾಗಿ ಕೂತಿದ್ದರು. ಗದ್ದಲ ಇಳಿದ ಮೇಲೆ ಮೆಲ್ಲಗೆ ಹೇಳಿದರು, "ನಾನು ಮದುವೆಯಾಗಿ ಬಂದಾಗಿಂದ ನಮ್ಮನೇಲೊಂದು ಕ್ವಾಂಟಮ್ ಕಂಪ್ಯೂಟರ್ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಮೇಡಂ."

ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೂವಿನ ಪ್ರಸಾದ

ಅಜ್ಜಿಯಿಂದ ಧೈರ್ಯ ಬಂತು. ನಾಲ್ಕನೇ ವಾರ ಉದಾಹರಣೆ ಹುಡುಕುತ್ತ ನಾನೇ ದೇವಸ್ಥಾನದೊಳಕ್ಕೆ ಕಾಲಿಟ್ಟೆ. ಕ್ಯೂಬಿಟ್ಟನ್ನು ನೋಡಿದ ಕ್ಷಣದಲ್ಲಿ ಅದು ಸೊನ್ನೆಯೋ ಒಂದೋ ಯಾವುದಾದರೂ ಒಂದಾಗಿಬಿಡುತ್ತದೆ ಎಂದು ಹೇಳಬೇಕಿತ್ತು. "ದೇವರ ತಲೆ ಮೇಲೆ ಹೂವಿಟ್ಟು ಪ್ರಸಾದ ಕೇಳ್ತೀವಲ್ಲ, ಹಾಗೆ ಅಂದ್ಕೊಳ್ಳಿ. ಬಲಗಡೆ ಬಿದ್ರೆ ಹೌದು, ಎಡಗಡೆ ಬಿದ್ರೆ ಬೇಡ. ಬೀಳೋವರೆಗೂ ಎರಡೂ ಉಂಟು. ಬಿದ್ದ ಮೇಲೆ ಒಂದೇ."

ಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡುವವರೊಬ್ಬರು ಹಿಂದಿನ ವಾರದಿಂದ ಬರುತ್ತಿದ್ದರು. ಎಲ್ಲವನ್ನೂ ಕಣ್ಣು ಕಿರಿದು ಮಾಡಿಕೊಂಡು ಕೇಳುತ್ತಿದ್ದ ಜಾಗರೂಕ ಮನುಷ್ಯ. ಅವರು ಎದ್ದು ನಿಂತು, "ಎಡಗಡೆ ಬಿದ್ರೆ ಇನ್ನೊಂದು ಸಲ ಕೇಳ್ಬೋದಾ ಮೇಡಂ?" ಎಂದರು.

"ಕೇಳ್ಬೋದು. ಆದ್ರೆ ಕ್ಯೂಬಿಟ್ ಒಂದು ಸಲ ಸೊನ್ನೆ ಅಂದ ಮೇಲೆ, ನಾವು ಅದನ್ನ ಅಲುಗಾಡಿಸದೆ ಹಾಗೇ ಮತ್ತೆ ನೋಡಿದ್ರೆ, ನೂರು ಸಲ ನೋಡಿದ್ರೂ ಸೊನ್ನೇನೇ."

"ನೂರು ಸಲಾನೂ?"

"ನೂರು ಸಲಾನೂ."

"ನನ್ನ ಮಗಳ ಸಂಬಂಧಕ್ಕೆ ಪ್ರಸಾದ ಕೇಳ್ದೆ. ಎಡಕ್ಕೆ ಬಿತ್ತು. ಹುಡುಗ ಒಳ್ಳೆಯವನು, ಬಿಡೋಕೆ ಮನಸ್ಸಿಲ್ಲ. ಹೊರಗೆ ಹೋಗಿ ಒಂದು ಪ್ರದಕ್ಷಿಣೆ ಹಾಕಿ ಬಂದು ಮತ್ತೆ ಕೇಳ್ದೆ. ಆಗಲೂ ಎಡಕ್ಕೇ. ಇನ್ನೊಂದು ತೆಂಗಿನಕಾಯಿ ಒಡೆದು ಕೇಳ್ದೆ. ಬಲಕ್ಕೆ ಬಿತ್ತು. ಈಗ ಮಗಳು ಸುಖವಾಗಿದಾಳೆ, ಮೊಮ್ಮಗ ನಡೀತಾನೆ."

"ಸಂತೋಷ" ಎಂದೆ.

"ನಿಮ್ಮ ಕಂಪ್ಯೂಟರ್ ದೊಡ್ಡದೇ ಇರ್ಬೋದು ಮೇಡಂ" ಎಂದು ಅವರು ಕೂತುಕೊಳ್ಳುತ್ತ ಹೇಳಿದರು. "ಕರುಣೆ ಮಾತ್ರ ನಮ್ಮ ದೇವರಿಗೇ ಜಾಸ್ತಿ."

ಚಪ್ಪಲಿ

ಐದನೇ ವಾರದ್ದು ಚಿಕ್ಕದು. ಎರಡು ಕಣಗಳು ಜೋಡಿಯಾಗಿ ಹೆಣೆದುಕೊಂಡರೆ, ಎಷ್ಟು ದೂರವಿದ್ದರೂ ಒಂದನ್ನು ನೋಡಿದಾಗ ಇನ್ನೊಂದರ ಸ್ಥಿತಿ ತಿಳಿಯುತ್ತದೆ. ಕೆಳಗೆ ಬಿಟ್ಟ ಚಪ್ಪಲಿಗಳನ್ನೇ ಉದಾಹರಣೆ ಕೊಟ್ಟೆ. ನಿಜದಲ್ಲಿ ಕಣಗಳ ನಂಟು ಚಪ್ಪಲಿಗಿಂತ ವಿಚಿತ್ರ ಎಂದೂ ಸೇರಿಸಿದೆ. ಪಾಠ ಮುಗಿದು ಇಳಿದರೆ, ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ಮೆಟ್ಟಿಲ ಬಳಿ ಪೆಚ್ಚಾಗಿ ನಿಂತಿದ್ದರು. ಅವರ ಬಲಗಾಲಿಗೆ ತಮ್ಮದೇ ಕಂದು ಚಪ್ಪಲಿ, ಎಡಗಾಲಿಗೆ ಯಾರದೋ ಕಪ್ಪು ಚಪ್ಪಲಿ.

"ನನ್ನ ಕಾಲು ನೋಡ್ಕೊಂಡ ತಕ್ಷಣ, ಈಗ ಎಲ್ಲೋ ನಡೀತಿರೋ ಆ ಮಹಾಶಯರ ಕಾಲಲ್ಲಿ ಏನಿದೆ ಅಂತ ಗೊತ್ತಾಗೋಯ್ತು" ಎಂದರು. "ಆದ್ರೆ ಗೊತ್ತಾಗಿ ಏನ್ ಬಂತು? ಅವರಿಗೆ ಸುದ್ದಿ ಮುಟ್ಟೋದಿಲ್ಲವಲ್ಲ."

"ಸರ್, ಅದನ್ನ ಹೇಳೋಕೆ ನಾನು ಮುಂದಿನ ವಾರ ಅರ್ಧ ಗಂಟೆ ಇಟ್ಕೊಂಡಿದ್ದೆ" ಎಂದೆ. ಹೆಣೆದುಕೊಂಡ ಕಣಗಳಿಂದ ಸುದ್ದಿ ಕಳಿಸಲಾಗದು ಎಂಬುದು ಆ ವಿಷಯದ ಮುಖ್ಯ ನಿಯಮ. ಅವರಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ. ಒಂದು ಕಂದು, ಒಂದು ಕಪ್ಪು ಹಾಕಿಕೊಂಡೇ ಬಸ್ಸು ಹತ್ತಿದರು.

ಕೈ ಎತ್ತುವ ದಿನ

ಕೊನೆಯ ಭಾನುವಾರ ಬಂತು. ಕಮಿಟಿಯ ಸದಸ್ಯರೆಲ್ಲ ಮುಂದಿನ ಸಾಲಿನಲ್ಲಿ ಕೂತರು. ಅಧ್ಯಕ್ಷರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿದರು. ಹಾಲಿನ ಬೀಗದ ಕೈ ಅವರಲ್ಲೇ ಇದ್ದದ್ದರಿಂದ ಆರೂ ವಾರ ಅವರು ಬಾಗಿಲು ತೆಗೆದು ಅಲ್ಲೇ ಇರುತ್ತಿದ್ದರು. ಪೇಪರ್ ಮುಖಕ್ಕೆ ಹಿಡಿದಿರುತ್ತಿದ್ದರಿಂದ ಕೇಳುತ್ತಾರೋ ನಿದ್ದೆ ಮಾಡುತ್ತಾರೋ ಯಾರಿಗೂ ತಿಳಿದಿರಲಿಲ್ಲ.

ಕಾರ್ಯದರ್ಶಿಗಳ ಭರವಸೆಯೆಲ್ಲ ತರಕಾರಿಯವರ ಮೇಲೆ. ವಾರವಿಡೀ ಅಂಗಡಿ ಮುಂದೆ ನಿಂತು ಅವರಿಗೆ ಹೇಳಿಸಿ, ಕೇಳಿಸಿ ಮಾಡಿದ್ದರು. ಆದರೆ ಕಮಿಟಿಯನ್ನು ನೋಡಿ ಅವರು ತಡವರಿಸಿದರು. "ಅದು... ಎಲ್ಲಾ ಉತ್ತರಾನೂ ಒಟ್ಟಿಗೆ ಹುಡುಕುತ್ತೆ. ಅದಕ್ಕೇ ಬೇಗ" ಎಂದು ಕೂತುಬಿಟ್ಟರು. ಪೇಪರಿನವರೂ ಅದನ್ನೇ ಬರೆಯುತ್ತಾರೆ, ಅದು ಅರೆಬೆಂದ ಮಾತು; ಉಳಿದರ್ಧವನ್ನು ನಾನು ವಾರವಾರವೂ ಹೇಳಿದ್ದೆ. ಕಾರ್ಯದರ್ಶಿಗಳ ಮುಖ ನೋಡಲಾಗಲಿಲ್ಲ ನನಗೆ. ಇಸ್ತ್ರಿ ಅಂಗಿಯ ತೋಳನ್ನು ಸುಮ್ಮನೆ ಸರಿಪಡಿಸಿಕೊಳ್ಳುತ್ತಿದ್ದರು. ಸಂಕಟವಾಯಿತು.

"ತಪ್ಪು" ಎಂದರು ಅಧ್ಯಕ್ಷರು.

"ಬಹುಶಃ ಆ ಕಂಪ್ಯೂಟರು ಮಾಡೋದೂ ಇಷ್ಟೇ ಇರ್ಬೇಕು ಬಿಡಿ" ಎಂದರು ಕಾರ್ಯದರ್ಶಿಗಳು ಸೋತ ದನಿಯಲ್ಲಿ.

"ಇಷ್ಟೇ ಹೇಗ್ರಿ ಆಗುತ್ತೆ?" ಅಧ್ಯಕ್ಷರಿಗೆ ರೇಗಿತು. "ಎಲ್ಲಾ ಉತ್ತರಾನೂ ಒಟ್ಟಿಗೆ ಇಟ್ಕೊಂಡು ಸುಮ್ನೆ ತೆಗೆದು ನೋಡಿದ್ರೆ ಯಾವುದೋ ಒಂದು ಸಿಗುತ್ತೆ, ಕಣ್ಮುಚ್ಚಿ ಚೀಟಿ ಎತ್ತಿದಂಗೆ. ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು? ಮೇಡಮ್ಮು ಬಾಯಿ ನೋವು ಬರೋವರೆಗೂ ಹೇಳಿದ್ದಾರೆ, ಒಬ್ಬರಿಗೂ ನಾಟಿಲ್ಲ. ಈಗ ನಮ್ಮ ಕಮಿಟೀನೇ ತಗೊಳ್ಳಿ."

ಕಮಿಟಿಯವರು ನೆಟ್ಟಗೆ ಕೂತರು.

"ತಲೆಗೊಂದು ಅಭಿಪ್ರಾಯ. ನಾನು ಮೀಟಿಂಗ್ ಶುರುವಾದ ತಕ್ಷಣ ಕೈ ಎತ್ತಿ ಅಂತೀನಾ? ಅನ್ನಲ್ಲ. ಅಂದ್ರೆ ಯಾವುದು ಗೆಲ್ಲುತ್ತೋ ದೇವರಿಗೇ ಗೊತ್ತು. ಮೊದಲು ಜಾಗ ನೋಡಿ ಕೂರಿಸ್ತೀನಿ. ಖಜಾಂಚಿ ಕಟ್ಟಡದ ಛಾವಣಿಗೆ ಹೆಂಚು ಹಾಕ್ಸಿ ಅಂತಾರೆ, ಜಂಟಿ ಕಾರ್ಯದರ್ಶಿ ಶೀಟ್ ಹಾಕ್ಸಿ ಅಂತಾರೆ. ಇಬ್ಬರನ್ನೂ ಎದುರುಬದುರು ಕೂರಿಸ್ತೀನಿ. ಅರ್ಧ ಗಂಟೇಲಿ ಅವರ ಮಾತು ಇವರ ಮಾತನ್ನ ತಿಂದು ಇಬ್ಬರೂ ಸೊನ್ನೆ. ನನಗೆ ಬೇಕಾದ್ದನ್ನ ಹೇಳೋರನ್ನ ಮಾತ್ರ ಅಕ್ಕಪಕ್ಕ ಕೂರಿಸ್ತೀನಿ. ಒಬ್ಬರಿಗೊಬ್ಬರು ದನಿ ಸೇರ್ಸಿ ಜೋರಾಗ್ತಾರೆ. ಮಧ್ಯದಲ್ಲಿ ಯಾರ ಅಭಿಪ್ರಾಯಾನೂ ಕೇಳಬಾರದು, ಕೇಳಿದ್ರೆ ಎಲ್ಲಾ ಕೆಟ್ಟೋಗುತ್ತೆ. ಕೊನೇಲಿ ಒಂದೇ ಒಂದು ಸಲ ಕೈ ಎತ್ತಿ ಅಂತೀನಿ. ಆಗ ಉಳಿದಿರೋದು ನನ್ನ ಉತ್ತರ. ಆ ಕಂಪ್ಯೂಟರೂ ಅಷ್ಟೇ ಮಾಡೋದು. ತಪ್ಪು ಉತ್ತರಗಳನ್ನ ಒಂದಕ್ಕೊಂದು ಬಡಿದಾಡಿಸಿ ಅಳಿಸುತ್ತೆ, ಸರಿ ಉತ್ತರಾನ ಕೂಡಿಸಿ ಕೂಡಿಸಿ ಬೆಳೆಸುತ್ತೆ, ಆಮೇಲೆ ಒಂದು ಸಲ ನೋಡುತ್ತೆ. ಏನ್ರೀ ಕಷ್ಟ ಇದ್ರಲ್ಲಿ?"

ವಿವರಣೆಯಲ್ಲಿ ಒಂದೂ ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ಖಜಾಂಚಿ ನಿಧಾನವಾಗಿ ಎದ್ದರು. "ಎರಡು ವರ್ಷದಿಂದ ಪ್ರತಿ ಮೀಟಿಂಗಲ್ಲೂ ನನ್ನನ್ನ ಅವರ ಎದುರಿಗೇ ಕೂರಿಸ್ತಿದ್ದಿದ್ದು ಇದಕ್ಕಾ ಅಧ್ಯಕ್ಷರೇ?"

"ನಾವಿಬ್ಬರೂ ಮಾತು ಬಿಟ್ಟಿದೀವಿ" ಎಂದರು ಜಂಟಿ ಕಾರ್ಯದರ್ಶಿ. "ಹಬ್ಬಕ್ಕೂ ಕರೆಯಲ್ಲ."

ಅಧ್ಯಕ್ಷರಿಗೆ ತಾವು ಏನು ಹೇಳಿಬಿಟ್ಟೆವೆಂದು ಆಗ ಹೊಳೆಯಿತು. ಅಷ್ಟರಲ್ಲಿ ನಮ್ಮ ಕಾರ್ಯದರ್ಶಿಗಳು ಅತ್ಯಂತ ವಿನಯದಿಂದ, "ಅಧ್ಯಕ್ಷರೇ, ತಾವು ಸೈನ್ಸ್ ಓದಿದೀರಾ?" ಎಂದು ಕೇಳಿದರು.

"ನಾನೆಲ್ಲಿ ಓದಿದೀನ್ರಿ, ಹೈಸ್ಕೂಲಿಗೇ ಕೈ ಮುಗಿದೆ. ಎಲ್ಲರಿಗೂ ಗೊತ್ತಿರೋದೆ."

"ಹಾಗಾದ್ರೆ ಸೈನ್ಸ್ ಓದಿಲ್ಲದ ಒಬ್ಬರು, ಕಮಿಟಿ ಮುಂದೆ, ಕನ್ನಡದಲ್ಲಿ ಹೇಳಿದ ಹಾಗಾಯ್ತು."

"ನಾನು ಲೆಕ್ಕಕ್ಕಿಲ್ಲ" ಎಂದರು ಅಧ್ಯಕ್ಷರು.

"ಕೈ ಎತ್ತಿಸೋಣ" ಎಂದರು ಖಜಾಂಚಿ. ಹೇಳಿ, ಜಂಟಿ ಕಾರ್ಯದರ್ಶಿಯ ಪಕ್ಕದ ಕುರ್ಚಿಗೆ ಹೋಗಿ ಕೂತರು. ಇಬ್ಬರ ಕೈಯೂ ಒಟ್ಟಿಗೇ ಮೇಲೆದ್ದಿತು. ಆಮೇಲೆ ಉಳಿದವರದೂ. ಅಧ್ಯಕ್ಷರ ಕಡೆಯವರೂ ಅತ್ತಿತ್ತ ನೋಡಿ ಕೈ ಎತ್ತಿದರು. ಕೊನೆಗೆ ಅಧ್ಯಕ್ಷರೇ ನಗು ತಡೆಯಲಾರದೆ ತಮ್ಮದನ್ನೂ ಎತ್ತಿದರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಸಂತೋಷ ನನಗೆ ಕಾಲೇಜಿನಲ್ಲಿ ಯಾವ ವರ್ಷದ ಫಲಿತಾಂಶಕ್ಕೂ ಆಗಿರಲಿಲ್ಲ.

ನಾನು ಇಳಿದು ಹೋಗುವಾಗ ಅಧ್ಯಕ್ಷರು ಮೆಟ್ಟಿಲ ಮೇಲೆ ನನಗಾಗಿ ನಿಂತಿದ್ದರು. ಕೆಳಗೆ ಖಜಾಂಚಿಯೂ ಜಂಟಿ ಕಾರ್ಯದರ್ಶಿಯೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ದೋಸೆಗೆ ಹೆಸರು ಬರೆಸುತ್ತಿದ್ದರು. ಅಧ್ಯಕ್ಷರು ಅವರನ್ನೇ ಬಹಳ ಹೊತ್ತು ನೋಡಿದರು.

"ನಿಮ್ಮ ಕ್ವಾಂಟಮ್ ಕಂಪ್ಯೂಟರ್ ತಯಾರಾಗೋಕೆ ಇನ್ನೂ ಎಷ್ಟೋ ವರ್ಷ ಬೇಕು ಅಂದ್ರಿ ಅಲ್ವಾ ಮೇಡಂ?"

"ಹೌದು ಸರ್."

"ನನ್ನದು ಇಷ್ಟು ವರ್ಷ ಚೆನ್ನಾಗಿ ನಡೀತಿತ್ತು" ಎಂದರು. "ಇವತ್ತು ಕೆಟ್ಟೋಯ್ತು."